ಅಜ್ಜ ಕರೆಯುತ್ತಿದ್ದ ಸದ್ದು

ಅಜ್ಜ ಅಜ್ಜಿಯನ್ನು ಹೆಸರು ಹಿಡಿದು ಕರೆದದ್ದನ್ನು ಕಾಪುವಿನ ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. ಆ ಕಾಲದ ಗಂಡಂದಿರು ಹಾಗೆ ಕರೆಯುತ್ತಿರಲಿಲ್ಲ. ಅಜ್ಜ ಜಗಲಿಯಲ್ಲಿ ಕೂತು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದು ಒಮ್ಮೆಲೇ ಬಿಡುತ್ತಿದ್ದರು: ಟೊಕ್. ಒಳಗಿನಿಂದ ಅಜ್ಜಿ ಚಾ ಹಿಡಿದುಕೊಂಡು ಬರುತ್ತಿದ್ದರು. ಬಿಸಿನೀರು ಬೇಕಾದರೂ, ಎಲೆಯಡಿಕೆ ಬೇಕಾದರೂ, ಸುಮ್ಮನೆ ಬಂದು ಕೂರಲಿ ಅನ್ನಿಸಿದರೂ ಅದೇ ಟೊಕ್. ಯಾವಾಗ ಯಾವುದಕ್ಕೆ ಎಂಬುದು ಅಜ್ಜಿಗೆ ಮಾತ್ರ ಗೊತ್ತಾಗುತ್ತಿತ್ತು.

ಊರಿನವರ ದನಿಯೆಲ್ಲ ಕದಿಯುವ ನಾನು ಅದನ್ನು ಬಿಟ್ಟೇನೇ? ಬಸ್ಸಿನ ಕಂಡಕ್ಟರ್, ಮೀನು ಮಾರುವ ಅಕ್ಕ, ಭಾಷಣಕ್ಕೆ ಮೊದಲು ಮೈಕಿಗೆ ಕೆಮ್ಮುವ ಅಧ್ಯಕ್ಷರು, ಬೈಸಿಕೊಂಡಾಗ ಮೂಗಿನಲ್ಲಿ ಮಾತಾಡುವ ನಾನು, ಎಲ್ಲ ನನ್ನ ಸರಕು. ಅಜ್ಜ ಇದ್ದಾಗ ಅವರ ಟೊಕ್ ಹೊಡೆದು ಅಜ್ಜಿಯನ್ನು ಸುಮ್ಮಸುಮ್ಮನೆ ಜಗಲಿಗೆ ಓಡಿಸುತ್ತಿದ್ದೆ. ಅಜ್ಜ ತೀರಿಕೊಂಡ ಮೇಲೆ ಅಜ್ಜಿಯೇ ಕೇಳತೊಡಗಿದರು. ಸಂಜೆ ದೀಪ ಇಟ್ಟು ಬಂದು ಕೂತು, "ಒಂದು ಸಲ ಮಾಡು ಮಗಾ" ಅನ್ನುವರು. ಮಾಡಿದರೆ ಕಣ್ಣು ಮುಚ್ಚಿ, ಮೆಲ್ಲಗೆ "ಬಂದೆ" ಅನ್ನುವರು. ಏಳುತ್ತಿರಲಿಲ್ಲ.

ನನ್ನ ಮೇಲಿನ ಹಲ್ಲುಗಳು ನನಗಿಂತ ಮೊದಲೇ ಸ್ಟೇಜ್ ಹತ್ತುತ್ತಿದ್ದವು. ಕಾರ್ಕಳದ ಒಂದು ಮದರಂಗಿ ಕಾರ್ಯಕ್ರಮದಲ್ಲಿ ಮಿಮಿಕ್ರಿಗೆ ನಿಂತು ನಾನು ಬಾಯಿ ತೆರೆದದ್ದೇ ಜನ ನಕ್ಕರು, ಇನ್ನೂ ಏನೂ ಹೇಳಿರಲಿಲ್ಲ. ಆ ನಗು ನನ್ನ ಸಂಪಾದನೆಯಲ್ಲ ಎಂದು ಹೊಟ್ಟೆಯುರಿದು ಮಣಿಪಾಲಕ್ಕೆ ಹೋದೆ. ಅಲ್ಲಿನ ದಂತವೈದ್ಯೆ, ಕೆಲವು ಹಲ್ಲು ಕಿತ್ತು ಆ ಜಾಗಕ್ಕೆ ಎದುರಿನ ಉಬ್ಬುಹಲ್ಲುಗಳನ್ನು ಹಿಂದಕ್ಕೆ ಎಳೆಯಬೇಕು ಅಂದರು. ಆದರೆ ಹಿಂದಿನ ದವಡೆ ಹಲ್ಲುಗಳು ನಮ್ಮ ಬಸ್ಸಿನವರ ಹಾಗೆ, ಖಾಲಿ ಸೀಟು ಕಂಡರೆ ಮುಂದೆ ಬಂದು ಕೂತುಬಿಡುತ್ತವಂತೆ. ಅವನ್ನು ಇದ್ದಲ್ಲೇ ಹಿಡಿದಿಡಲು ಎರಡೂ ಕಡೆಯ ದವಡೆ ಹಲ್ಲಿಗೆ ಉಂಗುರ ತೊಡಿಸಿ, ಒಂದರಿಂದ ಇನ್ನೊಂದಕ್ಕೆ ಅಂಗುಳದಡಿಯಲ್ಲಿ ಕಮಾನಿನಂತೆ ತಂತಿ ಬಿಗಿದರು.

ಆ ಸಂಜೆ ಟೊಕ್ ಬರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟುವ ಮೊದಲೇ ತಂತಿ ಅಡ್ಡ ಬಂತು. ಬಂದದ್ದು ಪ್ಲಚ್ ಎಂಬ ಒದ್ದೆ ಸದ್ದು, ಕೆಸರಿನಿಂದ ಚಪ್ಪಲಿ ಕಿತ್ತ ಹಾಗೆ. ಅಜ್ಜಿ ಕಣ್ಣು ತೆರೆದರು.

"ಇದು ಎಂತದು? ಅವರದ್ದು ಅಲ್ಲ."

ಮುಂದಿನ ಸಲ ಹೋದಾಗ ತಂತಿ ತೆಗೆಯಿರಿ ಎಂದು ಬೇಡಿಕೊಂಡೆ. "ಈಗ ತೆಗೆದರೆ ದವಡೆ ಹಲ್ಲು ಮುಂದೆ ಬರ್ತದೆ. ಹಲ್ಲು ಕಿತ್ತದ್ದೇ ದಂಡ ಆಗ್ತದೆ. ಮಾತಾಡ್ಲಿಕ್ಕೆ ಅಭ್ಯಾಸ ಆಗ್ತದೆ, ಅಲ್ವಾ?" ಅಂದರು ಡಾಕ್ಟ್ರು. ಅಭ್ಯಾಸವಾಯಿತು ಕೂಡ. ಕಂಡಕ್ಟರ್ ಮರಳಿದ, ಅಧ್ಯಕ್ಷರು ಮರಳಿದರು, ಆ ಡಾಕ್ಟ್ರನ್ನೂ ಸೇರಿಸಿಕೊಂಡೆ. ಟೊಕ್ ಮಾತ್ರ ಇಲ್ಲ. ಆದರೂ ಅಜ್ಜಿ ಕೇಳುವುದು ಬಿಡಲಿಲ್ಲ, ನಾನು ಪ್ಲಚ್ ಕೊಡುತ್ತಾ ಹೋದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ 'ಅಲ್ಲ' ಅನ್ನುವುದನ್ನು ನಿಲ್ಲಿಸಿದರು. ಇನ್ನೊಂದು ಕಳೆಯುವಷ್ಟರಲ್ಲಿ ಅದಕ್ಕೇ "ಬಂದೆ" ಅನ್ನತೊಡಗಿದರು.

ತಂತಿ ಬಿಚ್ಚಿದ ದಿನ, ಉಡುಪಿಯಲ್ಲಿ ಬಸ್ಸು ಬದಲಿಸುವಾಗಲೇ ಹೊಡೆದು ನೋಡಿದೆ. ಟೊಕ್. ಪಕ್ಕದವರು ತಿರುಗಿ ನೋಡುವಷ್ಟು ಗಟ್ಟಿ. ಆಮೇಲೆ ಖರ್ಚಾಗಿಹೋದೀತು ಎಂಬಂತೆ ಮನೆ ತಲುಪುವವರೆಗೂ ಬಾಯಿ ಮುಚ್ಚಿಕೊಂಡಿದ್ದೆ. ಜಗಲಿಯಲ್ಲಿ ಅಜ್ಜನ ಕುರ್ಚಿಯ ಹತ್ತಿರ ನಿಂತು ಹೊಡೆದೆ. ಒಳಗಿನಿಂದ ಯಾರೂ ಬರಲಿಲ್ಲ. ಮತ್ತೆ ಹೊಡೆದೆ.

"ಯಾರದು ದನ ಓಡಿಸುವುದು? ಆಚೆ ಹೋಗಿ ಓಡಿಸಿ ಮಾರಾಯ್ರೆ" ಎಂದು ಅಜ್ಜಿಯ ದನಿ ಬಂತು.

"ನಾನು ಅಜ್ಜಿ. ತಂತಿ ತೆಗೆದರು. ಸರಿಯಾದದ್ದು ಇದು."

ಅಜ್ಜಿ ಬಾಗಿಲಿಗೆ ಬಂದು ಇನ್ನೊಮ್ಮೆ ಮಾಡಿಸಿ ಕೇಳಿದರು. ತಲೆ ಅಲ್ಲಾಡಿಸಿದರು.

"ಅವರದ್ದು ಹೀಗೆ ಒಣಕಲು ಅಲ್ಲ. ಬಾಯಲ್ಲಿ ಎಲೆಯಡಿಕೆ ಇರ್ತಿತ್ತಲ್ಲ, ನೀರು ನೀರು ಸದ್ದು. ನೀನು ನಿನ್ನೆವರೆಗೆ ಸರಿ ಮಾಡ್ತಿದ್ದೆ ಮಗಾ."

ಆ ಪ್ಲಚ್ಚಿಗೆ ತಂತಿಯೇ ಬೇಕು. ಬಾಯಿ ತುಂಬ ಎಂಜಲು ತುಂಬಿಕೊಂಡೆ, ನಾಲಿಗೆ ಸಡಿಲ ಬಿಟ್ಟೆ, ಅಂಗುಳಕ್ಕೆ ಬೆರಳು ಅಡ್ಡ ಇಟ್ಟೂ ನೋಡಿದೆ. ಆಗಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಕಾದರು. ಆಮೇಲೆ, ಅನ್ನ ಬಡಿಸ್ತೇನೆ, ಕೈ ತೊಳೆದು ಬಾ ಎಂದು ಒಳಗೆ ಹೋದರು.

ದವಡೆ ಹಲ್ಲು ಕೂದಲೆಳೆಯಷ್ಟೂ ಜರುಗಿಲ್ಲ ಎಂದು ಡಾಕ್ಟ್ರು ಕನ್ನಡಿ ಹಿಡಿದು ತೋರಿಸಿದ್ದರು. ಅಜ್ಜನ ಬಾಯಲ್ಲಿ ಯಾವಾಗಲೂ ಎಲೆಯಡಿಕೆ ಇರುತ್ತಿದ್ದದ್ದೂ ನಿಜ. ಹಾಗಾಗಿ ಯಾವುದು ಅವರದ್ದು ಎಂದು ಹೇಳುವ ಧೈರ್ಯ ಈಗ ನನಗೂ ಇಲ್ಲ. ದೀಪ ಇಟ್ಟ ಮೇಲೆ ಅಜ್ಜಿ ಬಂದು ಕೂರುತ್ತಾರೆ, ಮಾಡು ಅನ್ನುವುದಿಲ್ಲ. ನಾನು ಅವರನ್ನು ನಗಿಸಲು ಅಧ್ಯಕ್ಷರ ಹಾಗೆ ಕೆಮ್ಮುತ್ತೇನೆ.