ಕಂಪ್ಯೂಟರಿನಲ್ಲಿ ನಾನು ಇಬ್ಬರಾಗಿದ್ದೆ

ಮೂರು ವರ್ಷದ ಹಿಂದೆ, ದೀಪಾವಳಿ ಆಗಿ ಎಂಟು ದಿನವಾಗಿತ್ತು. ನನ್ನ ಮಗಳ ಮಗಳು ಸುಜಾತಾ ನರ್ಸ್ ಕೆಲಸ ಬಿಟ್ಟು, ಕಂಪ್ಯೂಟರ್ ಕಲಿತು, ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಗೆ ಆರು ತಿಂಗಳ ಮಟ್ಟಿಗೆ ಸೇರಿದ್ದಳು. ಆ ಆಸ್ಪತ್ರೆಯದೇ ಒಂದು ಸಣ್ಣ ದವಾಖಾನೆ ಖಾನಾಪುರದಲ್ಲಿದೆ. ಅಲ್ಲಿನ ರೋಗಿಗಳ ಕಾಗದವೆಲ್ಲ ಇಲ್ಲಿನ ಕಂಪ್ಯೂಟರಿನಲ್ಲೂ ಕಾಣುವಂತೆ ಜೋಡಿಸುವುದು ಅವಳ ಕೆಲಸ. ಅಂದು ಡಾಕ್ಟರರಿಗೆ ಅದನ್ನು ತೋರಿಸಬೇಕಿತ್ತು. ಸರಿಹೋದರೆ ನೌಕರಿ ಕಾಯಂ, ಇಲ್ಲವಾದರೆ ಮನೆ.

“ಆಯಿ, ನೀ ಎರಡೂ ಕಡೆ ತೋರಿಸ್ಕೊಂಡಾಕಿ. ನಿನ್ನ ಹೆಸರನ ಹಾಕ್ತೀನಿ, ಬಾ. ಬಾಯಿ ಮುಚ್ಕೊಂಡ ಕುಂದರಬೇಕ ನೋಡ,” ಎಂದು ಟಿಳಕವಾಡಿಯ ಮನೆಯಿಂದ ಕರೆದೊಯ್ದಳು.

ಐದಾರು ಡಾಕ್ಟರರು, ಒಬ್ಬ ಹಿರಿಯ ನರ್ಸ್ ಕೂತಿದ್ದರು. ಸುಜಾತಾ ಕಂಪ್ಯೂಟರಿನಲ್ಲಿ ನನ್ನ ಹೆಸರು ‘ಪದ್ಮಾವತಿ’ ಎಂದು ಹೊಡೆದಳು. ಬೆಳಗಾವಿಯ ಸಕ್ಕರೆ ಕಾಯಿಲೆ, ಮೊಣಕಾಲು ನೋವು ಎಲ್ಲ ಬಂತು. ಖಾನಾಪುರದ್ದು ಒಂದೂ ಇಲ್ಲ. ಮತ್ತೆ ಹೊಡೆದಳು. ಇಲ್ಲ.

ದೊಡ್ಡ ಡಾಕ್ಟರಮ್ಮ, “ಅಜ್ಜಿ, ಖಾನಾಪುರದಾಗ ಖರೇನ ತೋರಿಸೀರೇನು?” ಎಂದರು.

“ಮತ್ತ ಸುಳ್ಳ ಹೇಳ್ತೀನೇನ್ರೀ? ಹ್ವಾದ ವರ್ಷ ಅಲ್ಲೆ ಸೂಜಿ ಮಾಡಿದಾಗ ಮಾರಿ ಬಾತು ಕುಂಬಳಕಾಯಿ ಆಗಿತ್ತು. ಆದ್ರ ಅಲ್ಲೆ ನಾ ಪದ್ಮಾವತಿ ಅಲ್ಲರಿ, ಚಂಪಾ.”

“ಆಯಿ! ಯಾರಾಕಿ ಚಂಪಾ?” ಎಂದಳು ಸುಜಾತಾ.

ಪದ್ಮಾವತಿ ಎನ್ನುವುದು ಮದುವೆಯಲ್ಲಿ ಅತ್ತೆ ಮನೆಯವರು ತಟ್ಟೆಯ ಅಕ್ಕಿಯ ಮೇಲೆ ಬರೆಸಿ ಇಟ್ಟ ಹೆಸರು. ಖಾನಾಪುರ ನನ್ನ ತವರು. ಅಲ್ಲಿಗೆ ಹೋದಾಗ ಜ್ವರ ಬಂದರೆ ನನ್ನ ತಮ್ಮ ಹುಟ್ಟಿದ ಹೆಸರು ಚಂಪಾ ಎಂದೇ ಚೀಟಿ ಮಾಡಿಸುತ್ತಾನೆ.

ಸುಜಾತಾ ‘ಚಂಪಾ’ ಎಂದು ಹೊಡೆದಳು. ಖಾನಾಪುರದ ಕಾಗದವೆಲ್ಲ ಕುಂಬಳಕಾಯಿ ಸಮೇತ ಬಂತು.

ಒಬ್ಬ ಗಂಡಸು ಡಾಕ್ಟರು, “ಒಬ್ಬಾಕಿ ಮುದುಕಿ ಸಲುವಾಗಿ ಇಡೀ ಸಿಸ್ಟಮ್ ಬದಲಿ ಮಾಡೂದೇನು?” ಎಂದರು.

“ನಿಮ್ಮ ಮನಿಯವರನ್ನ ಕೇಳ್ರಿ, ತವರಾಗ ಏನಂತ ಕರೀತಾರಂತ,” ಎಂದೆ.

ಡಾಕ್ಟರಮ್ಮ ನಕ್ಕು, “ನಂಗೂ ಎರಡ ಹೆಸರ ಅದಾವ,” ಎಂದು ಮೊದಲು ತಾವೇ ಕೈ ಎತ್ತಿದರು. ಆಮೇಲೆ ಹಿರಿಯ ನರ್ಸ್. ಆಮೇಲೆ ಚಹಾ ತಂದವಳು.

“ಎರಡ ದಿನ ಕೊಡ್ರಿ ಮೇಡಂ, ತವರಿನ ಹೆಸರಿಗೂ ಜಾಗಾ ಮಾಡ್ತೀನಿ,” ಎಂದಳು ಸುಜಾತಾ. ಮಾಡಿದಳು. ನೌಕರಿ ಕಾಯಂ ಆಯಿತು.

ಪದ್ಮಾವತಿ, ಚಂಪಾ ಇಬ್ಬರನ್ನೂ ಒಂದೇ ಕಾಗದದಲ್ಲಿ ಕೂಡಿಸುವಾಗ, “ಆಯಿ, ಮ್ಯಾಲೆ ಯಾವ ಹೆಸರ ಇಡ್ಲಿ?” ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. “ಚಂಪಾ,” ಎಂದೆ.

ಮೊನ್ನೆ ಅದೇ ಆಸ್ಪತ್ರೆಗೆ ಮೊಣಕಾಲು ತೋರಿಸಲು ಹೋಗಿದ್ದೆ. ನರ್ಸ್ ನಾಲ್ಕು ಸಲ “ಚಂಪಾ” ಎಂದು ಕೂಗಿದಳು. ಯಾರೂ ಏಳಲಿಲ್ಲ. ನಾನೇ ಬಾಜೂದವಳಿಗೆ, “ಯಾವಾಕಿ ಕಿವುಡಿ ಅದಾಳವಾ ಈಕಿ, ನಮ್ಮ ಪಾಳಿ ತಡಾ ಮಾಡಾಕತ್ತಾಳ,” ಎಂದು ಬೈದೆ.