ವೇಳಾಪಟ್ಟಿಗೆ ಬಗ್ಗದ ಹುಳುಗಳು

ಕಳೆದ ಕಾರ್ತಿಕದ ಒಂದು ಸೋಮವಾರ, ಬೆಳಿಗ್ಗೆ ಆರೂಕಾಲು. ಆಲೂರಿನ ಬಳಿ ಪಾಳ್ಯದ ಒಂದು ರೇಷ್ಮೆಹುಳು ಸಾಕುವ ಮನೆಯಲ್ಲಿ ಹಾಜರಿದ್ದವರು ಮೂವರು: ರೇಷ್ಮೆ ವಿಷಯದಲ್ಲೇ ಪದವಿ ಪಡೆದ ನನ್ನ ಹಳೆಯ ವಿದ್ಯಾರ್ಥಿನಿ, ಅವಳ ಅತ್ತೆ, ಮತ್ತು ನಾನು. ನೌಕರಿಯುದ್ದಕ್ಕೂ ಹಾಸ್ಟೆಲ್ ಗಂಟೆ ಬಾರಿಸಿದವಳು ನಾನು. ಅವಳ ಈ ಮೊದಲ ರೇಷ್ಮೆ ಬೆಳೆಗೆ ವೇಳಾಪಟ್ಟಿ ಬರೆದವಳೂ ನಾನೇ.

ಪಟ್ಟಿಯಂತೆ ಅಂದು ಹುಳು ಹಣ್ಣಾಗಬೇಕಿತ್ತು. ಅಂದರೆ ಮೇಯುವುದು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ತಲೆ ಎತ್ತಬೇಕು. ಆಗ ಅವನ್ನು ಆರಿಸಿ ಚಂದ್ರಿಕೆಗಳೆಂಬ ಬಿದಿರಿನ ತಟ್ಟಿಗಳ ಮೇಲೆ ಬಿಡುತ್ತಾರೆ. ಚಂದ್ರಿಕೆಗಳು ಸಾಲಾಗಿ ನಿಂತಿದ್ದವು. ಹುಳುಗಳು ಮಾತ್ರ ಬೆಳ್ಳಗೆ, ದಪ್ಪಗೆ, ಬರಿಗಡ್ಡಿಗಳ ಮೇಲೆ ಸೊಪ್ಪು ಹುಡುಕುತ್ತಿದ್ದವು.

"ಮೇಡಂ, ಬಯಲುಸೀಮೆ ಲೆಕ್ಕ ಹಾಕ್ಬುಟ್ಟಿದೀರಿ," ಎಂದಳು ಸೊಸೆ. "ನಮ್ ಕಡೆ ಚಳಿ. ಇನ್ನೊಂದು ದಿನ ಮೇಯ್ತವೆ."

"ಹಾಗಾದರೆ ಸೊಪ್ಪು ಹಾಕು."

"ಎಲ್ಲೈತೆ?"

ಬೆಳೆ ಮುಗಿದ ಮೇಲೆ ಹಿಪ್ಪುನೇರಳೆ ಗಿಡವನ್ನು ಬುಡದವರೆಗೆ ಕತ್ತರಿಸಿ ಸವರಬೇಕು. ಹಿಂದಿನ ದಿನ, ಭಾನುವಾರ, ಅವಳು ಯಾರದೋ ಮದುವೆಗೆ ಹೋದಾಗ, ಕೆಲಸ ಮುಂಚೆಯೇ ಮುಗಿಯಲೆಂದು ನಾನೇ ನಿಂತು ಸವರಿಸಿದ್ದೆ. ಮಿಕ್ಕ ಸೊಪ್ಪು ದನಕ್ಕೆ ಹೋಗಿತ್ತು. ಹಸಿದ ಹುಳುವಿನ ಗೂಡು ತೆಳು. ಈ ಬೆಳೆ ಕೆಟ್ಟರೆ ಗಿಡ ಕಿತ್ತು ಶುಂಠಿ ಹಾಕುವುದಾಗಿ ಅತ್ತೆ ಮೊದಲೇ ಹೇಳಿದ್ದರು.

"ಟೀಚರಮ್ಮ, ಗಂಟೆ ಹೊಡುದ್ರೆ ಎದ್ದೋಗಾಕೆ ಇವೇನು ನಿಮ್ ಹಾಸ್ಟೆಲ್ ಮಕ್ಳಾ?" ಅತ್ತೆ ನಕ್ಕರು. ಶುಂಠಿಯ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

"ಬೇರೆ ಯಾವುದಾದರೂ ಎಲೆ?" ಎಂದೆ.

"ಮುಟ್ಟಲ್ಲ ಮೇಡಂ. ಮನುಷ್ರು ಸಾಕಿ ಸಾಕಿ ಇವುಕ್ಕೆ ಚಿಟ್ಟೆ ಆದ್ಮೇಲೂ ಹಾರಾಕೆ ಬರಲ್ಲ. ನಾವು ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ." ಅಷ್ಟರಲ್ಲಿ ಅವಳು ಫೋನ್ ಮಾಡಿಯಾಗಿತ್ತು. ಅವಳೊಂದಿಗೆ ಓದಿದ ಗೆಳತಿಗೆ ಕೆ. ಹೊಸಕೋಟೆಯಲ್ಲಿ ಹಿಪ್ಪುನೇರಳೆ ತೋಟವಿತ್ತು. "ಕೊಯ್ದಿಡ್ತೀನಿ, ಗಾಡಿ ಕಳ್ಸೇ," ಎಂದಳಂತೆ ಆಕೆ.

ಒಂಬತ್ತೂವರೆಗೆ, ಬಾಡಿಗೆಗೆ ಕಳಿಸಿದ್ದ ಆಲೂರಿನ ಸಾಬರೊಬ್ಬರ ಗೂಡ್ಸ್ ಆಟೋ ಸೊಪ್ಪು ಹೇರಿಕೊಂಡು ಬಂತು. "ಏನಮ್ಮ, ಹುಳಕ್ಕೆ ಬೀಗ್ರೂಟನಾ?" ಎನ್ನುತ್ತ ಹೊರೆ ಇಳಿಸಿದರು.

ನಾನು ಒಂದು ಕಟ್ಟು ಎತ್ತಿಕೊಂಡು ಒಳಗೆ ಓಡಿದೆ. ಸೊಸೆ ಬಾಗಿಲಿಗೆ ಅಡ್ಡ ನಿಂತಳು. "ಇಬ್ಬನಿ ಐತೆ. ಒದ್ದೆ ಎಲೆ ತಿಂದ್ರೆ ರೋಗ ಬತ್ತದೆ. ಆರಲಿ." ನನ್ನ ವಿದ್ಯಾರ್ಥಿನಿ ನನ್ನನ್ನು ತಡೆದದ್ದು ಅದೇ ಮೊದಲು, ಖುಷಿಯಾಯಿತು. ಬಟ್ಟೆ ಹಾಸಿ, ಸೊಪ್ಪು ಹರವಿ, ತಿರುವಿ ಹಾಕುತ್ತ ಕುಳಿತೆ. ಹನ್ನೊಂದಕ್ಕೆ ಬಡಿಸಿದೆವು. ಹುಳುಗಳು ಎಲೆಗಳನ್ನು ಅಂಚಿನಿಂದ ಕೊರೆದು, ಸಂಜೆಯೊಳಗೆ ನರಗಳನ್ನಷ್ಟೇ ಉಳಿಸಿದವು.

ಐದರ ಹೊತ್ತಿಗೆ ಅತ್ತೆ ಒಂದು ಹುಳುವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ನೋಡೇ, ದ್ರಾಕ್ಷಿ ಹಣ್ಣಿನಂಗೆ ಒಳಗಿಂದು ಕಾಣ್ತೈತೆ!" ತಾವೇ ಅದನ್ನು ಚಂದ್ರಿಕೆಗೆ ಬಿಟ್ಟರು. ಅದು ತಲೆ ಅತ್ತಿತ್ತ ಆಡಿಸಿ, ಬಾಯಿಂದ ಮೊದಲ ಎಳೆಯನ್ನು ಬಿದಿರಿಗೆ ಅಂಟಿಸಿತು. ಅತ್ತೆ ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಶುಂಠಿ ಬೀಜಕ್ಕೆ ಹೇಳಿದ್ದೆ," ಎಂದರು ಕೊನೆಗೆ. "ಬ್ಯಾಡ ಅಂತೀನಿ. ಗಿಡ ಹೆಂಗೂ ಟೀಚರಮ್ಮ ಸವರ್ಸವ್ರೆ, ಚಿಗುರ್ಲಿ."

ಆರೂವರೆಗೆ ಇನ್ನೂ ಹಣ್ಣಾಗದ ಹುಳುಗಳಿಗೆ ಮಿಕ್ಕ ಸೊಪ್ಪು ಹಾಕಿ, ಸೊಪ್ಪು ಆರಲು ಹಾಸಿದ್ದ ಬಟ್ಟೆಗಳನ್ನು ನಾನು ಒಗೆದು ಹರವಿದೆ.