ಗಣಪ ಭಾವ ಎರೆದ ಧಾರೆ

ಮುಹೂರ್ತ ಮೀರುತ್ತಿತ್ತು. ಶಿರಸಿಯ ಕಲ್ಯಾಣಮಂಟಪದಲ್ಲಿ ಧಾರೆ ಎರೆಯಲು ಮಣೆಯ ಮೇಲೆ ಕೂತಿದ್ದವರು ನಾನು ಮತ್ತು ನನ್ನ ಗಂಡ ವಿನೋದ. ಮದುಮಗಳು ನಮಿತಾ, ನನ್ನ ಭಾವ ಗಣಪ ಭಟ್ಟರ ಒಬ್ಬಳೇ ಮಗಳು. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿದುಕೊಂಡು, "ಅಪ್ಪ ಬರದೆ ಆನು ಕೈ ನೀಡ್ತ್ನಿಲ್ಲೆ" ಎಂದುಬಿಟ್ಟಿದ್ದಳು.

ಭಾವನವರಿಗೆ ಹೆಂಡತಿ ಇಲ್ಲ. ಹೆಂಡತಿ ಇಲ್ಲದವನು ಮಗಳನ್ನು ಧಾರೆ ಎರೆದು ಕೊಡುವ ರೂಢಿ ನಮ್ಮಲ್ಲಿಲ್ಲ. ಅದಕ್ಕೇ ಅವರ ತಮ್ಮನೂ ನಾನೂ ಅಲ್ಲಿ ಕೂತದ್ದು. ಭಾವ ಅಡಿಗೆ ಭಟ್ಟರು. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಅವರು ಅಡಿಗೆ ಮಾಡದ ಮದುವೆಮನೆ ಕಡಿಮೆ. ಇವತ್ತು ಸ್ವಂತ ಮಗಳ ಮದುವೆಯಲ್ಲೂ ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದರು.

ನಮಿತಾ ಮಾತು ಕಲಿಯುವ ಹೊತ್ತಿಗೆ ಅವಳ ತಾಯಿ ತೀರಿಕೊಂಡಳು. ಆಮೇಲೆ ಮಗು ಬೆಳೆದದ್ದು ಮದುವೆಮನೆಗಳ ಉಗ್ರಾಣದಲ್ಲಿ, ತರಕಾರಿ ಚೀಲಗಳ ನಡುವೆ. ಭಾವ ನನ್ನ ಹತ್ತಿರ ಜಡೆ ಹೆಣೆಯಲು ಕಲಿತರು. ಕಲಿಯುವಷ್ಟರಲ್ಲಿ ಕೂಸನ್ನು ಎಷ್ಟು ಅಳಿಸಿದರೋ! ಅವಳು ದೊಡ್ಡವಳಾದ ದಿನ ನಮ್ಮ ಅಂಗಳಕ್ಕೆ ಬಂದು, ಬಾಯಿಬಿಟ್ಟು ಹೇಳಲಾಗದೆ, "ನೀ ಒಂಚೂರು ಬಂದು ಹೋಗು" ಎಂದಷ್ಟೇ ಹೇಳಿ ತಲೆ ತಗ್ಗಿಸಿದ್ದರು. ಇಂಥವರಿಗೆ ಮಂಟಪದಲ್ಲಿ ಜಾಗವಿಲ್ಲವಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಶಾಸ್ತ್ರ ಎಂತ ಹೇಳ್ತು?" ಎಂದು ಪುರೋಹಿತರನ್ನು ಕೇಳಿದೆ.

"ಶಾಸ್ತ್ರದಲ್ಲಿ ಅಡ್ಡಿ ಇಲ್ಲೆ. ರೂಢಿ ಇಲ್ಲೆ, ಅಷ್ಟೇಯ."

ವರನ ಸೋದರಮಾವ ಶಂಭುಲಿಂಗ ಎದ್ದು ನಿಂತ. "ಅದು ಅಪಶಕುನ. ಹಾಂಗೆ ಮಾಡಿದ್ರೆ ದಿಬ್ಬಣ ವಾಪಸ್ ಹೋಗ್ತು, ನೋಡಿ."

ವಾಲಗದವರೂ ನಿಲ್ಲಿಸಿದರು. ನಾನು ಮಣೆಯಿಂದ ಎದ್ದು ಸೀದಾ ಅಡಿಗೆಮನೆಗೆ ನಡೆದೆ. ಶಂಭುಲಿಂಗ ಹಿಂದೆಯೇ ಬಂದ.

ಧಾರೆ ಎರೆಯಲು ಬನ್ನಿ ಎಂದು ಕರೆದೆ. ಭಾವ ಸೌಟು ಬಿಡಲಿಲ್ಲ. "ಬ್ಯಾಡ. ಕಟ್ಟಿಕೊಂಡವಳನ್ನೇ ಉಳಿಸ್ಕಂಬಲೆ ಆಜಿಲ್ಲೆ. ಈ ಕೈಯಿಂದ ಕೂಸಿಗೆ ಎಂತಾದ್ರೂ ಆದ್ರೆ?"

ಅವರು ಜನರಿಗೆ ಹೆದರಿರಲಿಲ್ಲ. ಅಪಶಕುನವನ್ನು ನಿಜವಾಗಿ ನಂಬಿದ್ದರು. ಒಂದು ಕ್ಷಣ ನನಗೂ ಭಯವಾಯಿತು.

"ಭಟ್ಟರಿಗೇ ಮನಸ್ಸಿಲ್ಲೆ" ಎಂದ ಶಂಭುಲಿಂಗ.

"ಬೆಳಿಗ್ಗೆ ಈ ಕೈ ಮಾಡಿದ ಕೇಸರಿಬಾತು ಎರಡೆರಡು ಸಲ ಹಾಕಿಸ್ಕಂಡ್ರಲಿ, ಆಗ ಅಪಶಕುನ ಆಜಿಲ್ಯ?" ಎಂದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. ಆದರೆ ಭಾವ ಅಲುಗಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ನಮಿತಾ. ಧಾರೆ ಸೀರೆ ಎತ್ತಿಹಿಡಿದು, ಒದ್ದೆ ನೆಲದ ಮೇಲೆ ನಡೆದು ಬಂದಳು. ಹಿಂದೆ ವರ ಚಿರಂತನ. ಅವನು ಸೋದರಮಾವನ ಕಡೆ ನೋಡಲೂ ಇಲ್ಲ.

"ಅಪ್ಪಾ, ಎನಗೆ ಹೆದರಿಕೆ ಇಲ್ಲೆ. ನೀ ಬಾ" ಎಂದಳು ನಮಿತಾ.

ಭಾವ ಅವಳ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಸೌಟು ಕೆಳಗಿಟ್ಟು, ಮೊಣಕೈವರೆಗೂ ಕೈ ತೊಳೆದುಕೊಂಡರು.

ದಿಬ್ಬಣ ಎಲ್ಲಿಗೂ ಹೋಗಲಿಲ್ಲ. ಪುರೋಹಿತರು ಮಂತ್ರ ಹೇಳಿದರು. ಮಗಳ ಕೈ ಅಳಿಯನ ಕೈಯ ಮೇಲಿತ್ತು. ಭಾವ ಗಿಂಡಿ ಓರೆ ಮಾಡಿದರು, ನೀರು ಬಿತ್ತು. ಮಂತ್ರ ಮುಗಿಯಿತು. ನೀರು ಬೀಳುತ್ತಲೇ ಇತ್ತು. ಪುರೋಹಿತರು ಕೆಮ್ಮಿದರು. ನೀರು ನಿಂತರೆ ಮಗಳು ಇನ್ನೊಬ್ಬರ ಮನೆಯವಳು ಎಂದು ಭಾವನವರಿಗೆ ಗೊತ್ತಿತ್ತು, ಅವರಿಂದ ನಿಲ್ಲಿಸಲಾಗಲಿಲ್ಲ.

ಕೊನೆಗೆ ಅವಳೇ ಮೆಲ್ಲಗೆ ಹೇಳಿದಳು: "ಸಾಕು, ಅಪ್ಪಾ."